ಕುಪ್ಪಮ್ಮ ತೋರಿಸಿದ ಜಾಗ

ಸೆಂದಿಲ್ ಮೆಟ್ಟಿಲು ಹತ್ತುವಾಗ ಮೊದಲು ಬಲಗಾಲಿಡುತ್ತಾನೆ, ಎಡಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಳ್ಳುತ್ತಾನೆ, ಆಮೇಲೆ ಉಸಿರು ಬಿಡುತ್ತಾನೆ. ಹಾಗೆ ಹದಿನೆಂಟು ಸಲ ಮಾಡಿದರೆ, ಕನ್ನಡ ಮಾತಾಡುವ ನೇಕಾರರ ಕೇರಿ ಗುಗೈಯ ಮನೆಯೊಂದರ ತಾರಸಿ ಬರುತ್ತದೆ. ಇಪ್ಪತ್ತೆರಡು ವರ್ಷ ಮಗ್ಗದ ಗುಂಡಿಯಲ್ಲಿ ಇಳಿಬಿಟ್ಟು ತುಳಿದ ಕಾಲುಗಳು ಅವು. ಮಗ್ಗ ಬಿಟ್ಟ ಮೇಲೆ ಆರು ವರ್ಷದಿಂದ ಸೇಲಂನ ತಾರಸಿಗಳ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುತ್ತಿದ್ದಾನೆ.

ಈ ತಿಂಗಳು ದಾಟಿದರೆ ಹತ್ತುವುದು ತಪ್ಪುತ್ತಿತ್ತು. ಕಾಂಟ್ರಾಕ್ಟರ್ ಧನಶೇಖರ್ ಮಾತು ಕೊಟ್ಟಿದ್ದ: ಈ ತಿಂಗಳ ಮನೆಗಳಲ್ಲಿ ಒಂದನ್ನೂ ಬಿಚ್ಚಿ ಮತ್ತೆ ಕಟ್ಟುವ ಹಾಗಾಗದಿದ್ದರೆ, ಕೆಳಗೆ ಮೀಟರ್, ಇನ್ವರ್ಟರ್ ಜೋಡಿಸುವ ಕೆಲಸ ಸೆಂದಿಲ್‌ಗೆ. ನೆಲದ ಮೇಲೆ ಸ್ಟೂಲ್ ಹಾಕಿಕೊಂಡು ಮಾಡುವ ಕೆಲಸ. ಈಗ ಉಳಿದಿದ್ದದ್ದು ಕುಪ್ಪಮ್ಮನ ಮನೆಯೊಂದೇ.

ಕುಪ್ಪಮ್ಮನದು ರೇಷ್ಮೆ ನೇಯುವ ಮನೆ. ಎರಡು ದಿನದ ಹಿಂದೆ ಬೆಳಿಗ್ಗೆ, "ಎಲ್ಲಿ ಕೂರಿಸಾನ ಅವ್ವಾ?" ಎಂದು ಸೆಂದಿಲ್ ಕೇಳಿದಾಗ ಅವಳು ಯೋಚಿಸಲೂ ಇಲ್ಲ, ಪಡುವಣ ಗೋಡೆಯ ಪಕ್ಕ ಕೈ ತೋರಿಸಿದಳು.

"ಇಲ್ಲೇ ಲೇ. ಈ ಮಾಳಿಗೇಲಿ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ನಮ್ಮತ್ತೆ ಕಾಲದಿಂದ ನೂಲು ಒಣಗಾಕಾದು ಇಲ್ಲೇ."

ಅವನ ಕಾಲೂ ಆಗಲೇ ಅಲ್ಲಿಗೇ ಹೋಗಿ ನಿಂತಿತ್ತು. ನೆರಳು ಅಳೆಯಲು ಫೋನಿನಲ್ಲಿ ಆ್ಯಪ್ ಇದೆ, ಅದನ್ನವನು ತೆರೆಯಲಿಲ್ಲ. ಎರಡು ದಿನವೂ ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಮನೆಯ ಬಾಕಿ ಕೆಲಸ ಮುಗಿಸಲು ಹೋಗಿಬಿಟ್ಟಿದ್ದ.

ಇಂದು ಆರು ಪ್ಯಾನೆಲ್‌ಗಳೂ ಕೂತವು. ಮೂರು ಗಂಟೆಗೆ ಅವುಗಳ ಧೂಳು ಒರೆಸುತ್ತಿದ್ದಾಗ ಕೈಯ ಪಕ್ಕದಲ್ಲೇ ನೆರಳಿನ ಗೆರೆಯೊಂದು ಮೇಲೇರುತ್ತಿರುವುದು ಕಂಡಿತು. ಪಕ್ಕದ ಮನೆಯ ಮಹಡಿ ಕೋಣೆಯ ನೆರಳು. ನೋಡುನೋಡುತ್ತಲೇ ಒಂದು ಪ್ಯಾನೆಲ್ ಮುಚ್ಚಿ ಎರಡನೆಯದಕ್ಕೆ ದಾಟಿತು.

ಕುಪ್ಪಮ್ಮ ಟೀ ತಂದು ಆ ನೆರಳಿನಲ್ಲೇ ಕುಳಿತಳು. "ನೋಡ್ದಾ, ಎಷ್ಟು ತಂಪಾಗೈತೆ! ನಾನು ಯೋಳಿರ್ಲಿಲ್ವಾ?"

"ಅವ್ವಾ, ಇದಕ್ಕೆ ಬಿಸಿಲು ಬೇಕು."

"ಗೊತ್ತು ಬಿಡ್ಲಾ. ಬೆಳಿಗ್ಗೆ ಬತ್ತದಲ್ಲ, ಸಾಲ್ದಾ? ಉರಿಬಿಸಿಲು ಯಾತಕ್ಕೆ? ಇಷ್ಟು ಒಳ್ಳೆ ಕಪ್ಪು, ಬಣ್ಣ ಓಗ್ಬುಡ್ತದೆ." ಹೊಸ ಸೀರೆಯ ಅಂಚು ಮುಟ್ಟುವಂತೆ ಅವಳು ಪ್ಯಾನೆಲ್ಲಿನ ಅಂಚು ಮುಟ್ಟಿದಳು.

ಅವಳನ್ನು ನೋಡಿ ನಗಲು ಸೆಂದಿಲ್‌ಗೆ ಮುಖವಿರಲಿಲ್ಲ. ಬಣ್ಣದ ನೂಲನ್ನು ಬಿಸಿಲಲ್ಲಿ ಮರೆತದ್ದಕ್ಕೆ ಅಮ್ಮನ ಕೈಯಲ್ಲಿ ಏಟು ತಿಂದು ಬೆಳೆದವನು ಅವನು. ಆರು ವರ್ಷ ಸೂರ್ಯನ ಕೆಲಸ ಮಾಡಿದರೂ ಕಾಲು ಕೇಳದೆಯೇ ನೆರಳಿನ ಜಾಗ ಹುಡುಕಿಕೊಂಡಿತ್ತು.

ಜೊತೆಗಾರ ಮುರುಗೇಶನ್ ಹತ್ತಿರ ಬಂದು ಪಿಸುಗುಟ್ಟಿದ. "ವಿಡುಂಗ ಅಣ್ಣೇ, ಬಿಡಿ. ಕರೆಂಟ್ ಆಫೀಸರ್ ನೋಡಾಕೆ ಬರಾದು ನಾಳೆ ಅನ್ನೊಂದು ಗಂಟೆಗೆ. ಆವಾಗ ಎಲ್ಲಿರ್ತದೆ ನೆರಳು? ಈ ಅಜ್ಜಿಗೂ ತಿಳಿಯಾಕಿಲ್ಲ."

ಅದು ನಿಜ. ಸೆಂದಿಲ್ ಲೋಟ ಬರಿದು ಮಾಡಿದ. ಬಾಯಿ ಮುಚ್ಚಿಕೊಂಡು ಕೆಳಗಿಳಿದರೆ ಸಾಕಿತ್ತು, ಮತ್ತೆಂದೂ ಹತ್ತಬೇಕಿರಲಿಲ್ಲ.

"ಲೇ ಸೆಂದಿಲು," ಕುಪ್ಪಮ್ಮ ಕೇಳಿದಳು, "ಬಿಲ್ಲು ಏರ್ತದೆ ಅಂತ ಮೂರಾದ್ರೆ ಮಗ್ಗದ ಮನೆ ಫ್ಯಾನು ನಿಲ್ಲಿಸ್ಬುಡ್ತೀವಿ. ನಮ್ ಸೊಸೆ ರಮಾಗೆ ಬೆವರು ಕಣ್ಣಿಗಿಳಿದು ಎಳೆ ಕಾಣಾಕಿಲ್ಲ. ಇನ್ಮೇಲೆ ಓಡಿಸ್ಬೋದಾ?"

ಸೆಂದಿಲ್ ಲೋಟ ಕೆಳಗಿಟ್ಟ. ತಾರಸಿಯ ಇನ್ನೊಂದು ಕೊನೆಗೆ ಹೋಗಿ ಧನಶೇಖರ್‌ಗೆ ಫೋನ್ ಮಾಡಿದ.

"ಎನ್ನಯ್ಯಾ, ಮುಡಿಂಜುದಾ?" ಧನಶೇಖರ್ ಎಂದಿನಂತೆ ತಮಿಳಿನಲ್ಲೇ ಶುರು ಮಾಡಿದ.

"ಮುಗೀತು ಸಾರ್. ಬಿಚ್ಬೇಕು. ಮೂರು ಗಂಟೆಗೇ ನೆರಳು ಬೀಳ್ತೈತೆ."

ಸಿಟ್ಟು ಬಂದರೆ ಧನಶೇಖರ್ ಬಾಯಿಗೆ ಮನೆಯ ಕನ್ನಡ ಬರುತ್ತದೆ. "ಸೋಲಾರ್ ತಕ್ಕೊಂಡೋಗಿ ನೆರಳಲ್ಲಿ ಕೂರ್ಸಿದ್ಯಾ? ಅದೇನು ನೂಲೇನ್ಲಾ, ಒಣಗಾಕಾಕೆ?"

"ಅಂಗೇ ಆಗೋಯ್ತು ಸಾರ್."

"ಯಾರು ಕಂಡ್ರು?"

"ಯಾರೂ ಇಲ್ಲ. ನಾನೇ."

"ಮತ್ತೆ ಯಾಕಯ್ಯಾ ಯೋಳ್ತೀಯಾ?" ಎಂದು ಗದರಿಸಿ, ತಾನೇ ನಿಟ್ಟುಸಿರುಬಿಟ್ಟ. "ಬಿಚ್ಚು. ಕೆಳಗಿನ ಕೆಲಸಕ್ಕೆ ಸರವಣನ್ ಬತ್ತಾನೆ. ನೀನು ಮೇಲೇ ಇರು."

"ಸರಿ ಸಾರ್."

ಫೋನನ್ನು ಜೇಬಿಗಿಟ್ಟು ಸೆಂದಿಲ್ ತಿರುಗಿ ಬಂದ. "ಅವ್ವಾ, ದಿನಪೂರ್ತಿ ಬಿಸಿಲು ಬೀಳಾದು ಎಲ್ಲಿ?"

ಕುಪ್ಪಮ್ಮ ಮನಸ್ಸಿಲ್ಲದ ಮನಸ್ಸಿನಿಂದ ಮೂಡಣದ ಮೂಲೆಗೆ ಗದ್ದ ಎತ್ತಿ ತೋರಿಸಿದಳು. "ಅಲ್ಲಿ. ಆ ಉರಿಗೆ ನಾವ್ಯಾರೂ ಕಾಲೇ ಇಡಾಕಿಲ್ಲ."

"ಅಲ್ಲೇ ಆಗ್ಬೇಕು. ಫ್ಯಾನು ಓಡ್ತದೆ."

ಅವನು ಗೋಡೆ ಹಿಡಿದು ನಿಧಾನವಾಗಿ ಮೊಣಕಾಲೂರಿದ, ಮೊದಲು ಒಂದು, ಆಮೇಲೆ ಇನ್ನೊಂದು. ಮುರುಗೇಶನ್ ಏನೋ ಗೊಣಗುತ್ತಾ ಬಂದು ಚೌಕಟ್ಟಿನ ಆ ತುದಿ ಹಿಡಿದುಕೊಂಡ. ಸೆಂದಿಲ್ ಮೊದಲನೇ ನಟ್ಟಿಗೆ ಸ್ಪ್ಯಾನರ್ ಹಾಕಿ ಎಳೆದ. ಬೆಳಿಗ್ಗೆ ಅವನೇ ಬಿಗಿದದ್ದು. ಒಂದೇ ಎಳೆತಕ್ಕೆ ಅದು ಕದಲಲಿಲ್ಲ.