ಪಾಲಾದ ತಿಪ್ಪೆ

ಗದಗಿನ ನಮ್ಮ ಮಾಳಿಗೆಯ ಮೇಲೆ, ಕರಿಬೇವಿನ ಕುಂಡದ ಹಿಂದೆ ಉದುರಿದ ಎಲೆ ಗುಡ್ಡೆಯಾಗಿ ಬಿದ್ದಿತ್ತು. ಮೊನ್ನೆ ಮಳೆ ನಿಂತ ಮೇಲೆ ಬಾಚಿ ತೆಗೆಯಲೆಂದು ಕೈ ಹಾಕಿದೆ. ಅಡಿಯಲ್ಲಿ ಎಲೆ ಎಲೆಯಾಗಿ ಉಳಿದಿರಲಿಲ್ಲ; ಕರ್ರಗೆ, ಮೆತ್ತಗೆ, ಒಂದಿಷ್ಟು ಬೆಚ್ಚಗೆ ಬೆರಳಿಗೆ ಹತ್ತಿತು. ಆ ವಾಸನೆಗೆ, ಸೊಂಟ ನೋಯುತ್ತಿದ್ದರೂ ಅಲ್ಲೇ ಕುಳಿತುಬಿಟ್ಟೆ. ನಮ್ಮೂರು ಅಡರಕಟ್ಟಿಯ ಮನೆಯ ಹಿತ್ತಲಿನ ತಿಪ್ಪೆಯ ವಾಸನೆ ಅದು.

ತಿಪ್ಪೆ ಆಯಿಯದು. ಆಯಿ ಅಂದರೆ ಅಪ್ಪನ ತಾಯಿ. ಸಗಣಿ, ದನ ತಿಂದುಳಿದ ಕಣಿಕೆ, ಒಲೆಯ ಬೂದಿ, ಬಾಡಿದ ಪೂಜೆಯ ಹೂವು ಎಲ್ಲವೂ ಅವಳ ಕೈಯಿಂದಲೇ ಆ ಗುಂಡಿಗೆ ಬೀಳಬೇಕು. ಕೋಲು ಚುಚ್ಚಿ ತೆಗೆದು, ತುದಿಯನ್ನು ಅಂಗೈಗೆ ಒತ್ತಿ ಒಳಗಿನ ಕಾವು ನೋಡುತ್ತಿದ್ದಳು, ಜ್ವರ ಬಂದಾಗ ನಮ್ಮ ಹಣೆ ಮುಟ್ಟುವ ಹಾಗೆಯೇ. ದೀಪಾವಳಿಯ ಪಾಡ್ಯದ ಸಂಜೆ ತಿಪ್ಪೆಗೆ ಚೆಂಡುಹೂವು ಸಿಕ್ಕಿಸಿ ಹಣತೆ ಇಡುತ್ತಿದ್ದಳು. ನಾವು ಮೂಗು ಮುಚ್ಚಿಕೊಂಡರೆ, "ನೀ ತಿನ್ನೋ ರೊಟ್ಟಿ ಎಲ್ಲಿಂದ ಬರತೈತಿ ಅಂತ ಮಾಡೀ?" ಎನ್ನುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಅಪ್ಪ ಮತ್ತು ಅವನ ತಮ್ಮ, ನಮ್ಮ ಕಾಕಾ, ಬೇರೆಯಾದರು. ಹೊಲ, ಎತ್ತು, ಹಂಡೆ, ಬೀಸುವ ಕಲ್ಲಿನವರೆಗೆ ಎಲ್ಲ ಪಾಲಾಯಿತು. ಪಂಚರು ಎದ್ದು ಹೊರಡುವಾಗ ಕಾಕಾ ಅಂದ, "ತಿಪ್ಪಿ ಉಳೀತಲ್ರಿ." ಆಯಿ ಸೆರಗು ಸಿಕ್ಕಿಸಿಕೊಂಡು ತಿಪ್ಪೆಯ ಮುಂದೆ ಬಂದು ನಿಂತಳು. "ಇನ್ನೂ ಹಸೇದೈತಿ. ಮುಂದಿನ ಬ್ಯಾಸಗಿ ತನಕ ಕೊಳ್ಯಾಕ ಬಿಡ್ರಪಾ. ಆಮ್ಯಾಲೆ ಹಂಚಿಕೊಳ್ರಿ." ಅಲ್ಲಿಯವರೆಗಾದರೂ ಇಬ್ಬರು ಮಕ್ಕಳೂ ಒಂದೇ ಹಿತ್ತಲಿಗೆ ಬರುತ್ತಿರಬೇಕೆಂಬುದು ಅವಳ ಆಸೆಯಾಗಿತ್ತೆಂದು ನನಗೆ ಈಗ ಅನ್ನಿಸುತ್ತದೆ. ಅವರು ಕೇಳಲಿಲ್ಲ. ನಡುವೆ ಹಗ್ಗ ಹಿಡಿದು, ಗುದ್ದಲಿಯಿಂದ ಗೆರೆ ಎಳೆದು, ಬಂಡಿಗೆ ಹೇರಿದರು. ಅರೆಗೊಳೆತ ಗೊಬ್ಬರದ ಬೆನ್ನಿಗೇ ಹೊಲಕ್ಕೆ ಗೆದ್ದಲು ಬಂತು. ಆ ಸಲ ಇಬ್ಬರ ಪಾಲಿನ ಶೇಂಗಾವೂ ಬೇರು ಸಮೇತ ಹಾಳಾಯಿತು. ಆಯಿ ಬರಿದಾದ ಗುಂಡಿಗೆ ಮತ್ತೆಂದೂ ಸಗಣಿ ಹಾಕಲಿಲ್ಲ.

ಈಗ ಆ ಗುಂಡಿ ಮುಚ್ಚಿ, ಸಿಮೆಂಟು ಹಾಕಿ, ಬೈಕು ನಿಲ್ಲಿಸುತ್ತಾರೆ. ಗೊಬ್ಬರ ಚೀಲದಲ್ಲಿ ಬರುತ್ತದೆ. ಆಯಿ ತೀರಿಕೊಂಡಾಗ ಯಾರ ಪಾಲಿನ ಹೊಲದಲ್ಲಿ ಹೂಳುವುದೆಂಬ ಮಾತು ಬಂತು. ಕೊನೆಗೆ ಎರಡೂ ಪಾಲಿನ ನಡುವಿನ ಬದುವಿನಲ್ಲೇ ಕುಣಿ ತೆಗೆದರು. ನನಗೂ ದಣಿವು, ಊರಿಗೆ ಹೋಗುವುದು ಕಡಿಮೆ. ಹೋದಾಗ ಆ ಬದುವಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅಲ್ಲಿ ಎರಡೂ ಕಡೆಯ ಜೋಳ ಉಳಿದ ಹೊಲಕ್ಕಿಂತ ಒಂದು ಗೇಣು ಎತ್ತರ ಬೆಳೆದಿರುತ್ತದೆ. ಆ ಒಂದು ಜಾಗವನ್ನು ಮಾತ್ರ ಅಪ್ಪ, ಕಾಕಾ ಇಬ್ಬರೂ ಅಗೆಯದೆ ಬಿಟ್ಟಿದ್ದಾರೆ, ಅವಳು ಅಂದು ತಿಪ್ಪೆಯ ಮುಂದೆ ನಿಂತು ಕೇಳಿಕೊಂಡ ಹಾಗೆ.