ಭಾವನ ದನಿಗೆ ಅಕ್ಕನ ಉತ್ತರ

ಕಳೆದ ಭಾನುವಾರ ಮಧ್ಯಾಹ್ನ ಪುಣೆಯ ವಾಕಡದಲ್ಲಿರುವ ಅಕ್ಕನ ಮನೆಯಲ್ಲಿ ಒಂದು ಫೋನು ಭಾವನ ದನಿಯಲ್ಲಿ ಮಾತಾಡಿತು. ಅಕ್ಕ ಎದ್ದು ಅಡುಗೆಮನೆಗೆ ಹೋಗಿಬಿಟ್ಟಳು.

ಭಾವನಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ನಾಲ್ಕು ತಿಂಗಳಿಂದ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಾರೆ. ವಿಚಿತ್ರವೆಂದರೆ, ಅಕ್ಕನೂ ಅವರೊಡನೆ ಮಾತು ಬಿಟ್ಟಿದ್ದಳು. ಓದುತ್ತಾಳೆ, ತಲೆಯಾಡಿಸುತ್ತಾಳೆ, ಅಷ್ಟೇ.

ಮಗಳು ಮೇಘಾಗೆ ಇದನ್ನು ತಡೆಯಲಾಗಲಿಲ್ಲ. ಅಪ್ಪನ ಹಳೆಯ ವಾಯ್ಸ್ ಮೆಸೇಜುಗಳನ್ನೆಲ್ಲ ಹುಡುಕಿ, ಅವರ ದನಿಯನ್ನು ಫೋನಿನಲ್ಲಿ ಮತ್ತೆ ಕಟ್ಟಿದಳು. ಟೈಪ್ ಮಾಡಿದರೆ ಫೋನು ಓದುತ್ತದೆ. ಇದಕ್ಕೆ ‘ಸ್ಪೀಚ್ ಸಿಂಥೆಸಿಸ್’ ಅಂತಾರಂತೆ.

ಸಿಂಥೆಸಿಸ್! ಭಾವ ತಳೇಗಾಂವದ ಔಷಧ ಕಾರ್ಖಾನೆಯಲ್ಲಿ ಜೀವಮಾನವಿಡೀ ಮಾಡಿದ್ದು ಅದನ್ನೇ. ಕೆಮಿಸ್ಟ್ ಆದ ಅವರಿಗೆ, ಎರಡು ರಾಸಾಯನಿಕ ಕೂಡಿಸಿ ಮೂರನೆಯದನ್ನು ಪಡೆಯುವುದು. ಫಿಲಾಸಫಿ ಪಾಠ ಮಾಡುವ ನನಗೆ, ಎರಡು ಎದುರುಬದುರು ವಾದಗಳು ಜಗಳವಾಡಿ ಒಂದು ಹೊಸ ಮಾತಿಗೆ ಬರುವುದು. (ನಮ್ಮ ಮನೆಯಲ್ಲಿ ಜಗಳದವರೆಗೆ ಮಾತ್ರ ಬಂದಿದೆ.) ಪಠ್ಯಪುಸ್ತಕ ಎಲ್ಲಕ್ಕೂ ‘ಸಂಶ್ಲೇಷಣೆ’ ಎಂದು ಕೈತೊಳೆದುಕೊಳ್ಳುತ್ತದೆ. ಹಸಿರೆಲೆ ಬಿಸಿಲಿನಲ್ಲಿ ತನ್ನ ಆಹಾರ ಮಾಡಿಕೊಳ್ಳುವುದೂ ಅದೇ. ಎಲ್ಲ ಕಡೆಗೂ ಅರ್ಥ ಒಂದೇ ಏನು?

ನಾನು ಅಕ್ಕನ ಹಿಂದೆಯೇ ಹೋದೆ.

“ದನಿ ಅವರದ ಅದ. ಆದ್ರ ಅವರು ಹಂಗ ಮಾತಾಡಂಗಿಲ್ಲ” ಅಂದಳು.

ನಿಜ. ಅಕ್ಕನ ಹೆಸರು ಹಿಡಿದು ಮೇಘಾ ಟೈಪ್ ಮಾಡಿದ್ದು, “ಶಾರದಾ, ನೀನು ಊಟ ಮಾಡಿದೆಯಾ?” ವಿಜಯಪುರ ಬಿಟ್ಟು ಪುಣೆಗೆ ಬಂದ ಭಾವ ಯಾವತ್ತು ಹಾಗೆ ಕೇಳಿದ್ದರು? ಅವರದು ಅರ್ಧ ಕನ್ನಡ, ಅರ್ಧ ಮರಾಠಿ.

ಹೊರಗೆ ಬಂದು ಅಕ್ಕ ಹೇಳಿದ್ದನ್ನು ಭಾವನಿಗೆ ತಿಳಿಸಿದೆ. ಅವರು ಮಗಳ ಕೈಯಿಂದ ಫೋನು ತೆಗೆದುಕೊಂಡು ಒಂದೇ ಬೆರಳಿನಿಂದ ಒತ್ತತೊಡಗಿದರು. ಮೇಘಾ ಸಹಾಯಕ್ಕೆ ಬಗ್ಗಿದರೆ ಬೇಡವೆಂದು ಕೈಯಾಡಿಸಿದರು.

“ಶಾರದಾ, ಜೇವಣ ಆತೇನ?”

‘ಜೇವಣ’ ಬಂದಲ್ಲಿ ಫೋನು ತೊದಲಿತು. ಮರಾಠಿಯ ಊಟ ಅದರ ಕನ್ನಡಕ್ಕೆ ಇಳಿಯಲಿಲ್ಲ. ಮೇಘಾ ಮುಖ ಸಪ್ಪಗೆ ಮಾಡಿಕೊಂಡಳು.

ಅಕ್ಕ ಬಾಗಿಲಿಗೆ ಬಂದಳು. ಫೋನಿನ ಕಡೆ ನೋಡಲಿಲ್ಲ. ಭಾವನ ಮುಖ ನೋಡುತ್ತ, ನಾಲ್ಕು ತಿಂಗಳ ಮೇಲೆ ಅವರಿಗೆ ಬಾಯಿಬಿಟ್ಟು ಹೇಳಿದಳು:

“ಇನ್ನೂ ಆಗಿಲ್ರಿ. ಬರ್ರಿ, ಕೂಡೇ ಉಣ್ಣೋಣು.”

ಭಾವ ಕಣ್ಣೊರೆಸಿಕೊಂಡು ಎದ್ದರು. ಮೇಘಾ ಕೂಡಿಸಿದ್ದು ದನಿಯನ್ನು. ಅದು ಮಾತಾದದ್ದು ಅಕ್ಕ ಉತ್ತರ ಕೊಟ್ಟ ಮೇಲೆ, ಅಲ್ಲವೇ?