ಇಕ್ಕೇರಿ ಇಲೆವೆನ್‌ನ ಐದನೆಯ ಆಳು

ಹೊಸನಗರದ ಬಸ್ ನಿಲ್ದಾಣದ ಹಿಂದೆ ಪಾತ್ರೆ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಗೋಡೆ ಕಟ್ಟುವವನ ಅಳತೆ ತಪ್ಪಿ ಒಂದು ಸಂದು ಉಳಿದುಹೋಗಿತ್ತು. ಆ ಸಂದಿಯೇ ದೀಪಶ್ರೀಯ ಹೊಲಿಗೆ ಅಂಗಡಿ. ಒಬ್ಬ ಗಿರಾಕಿ ಒಳಗೆ ಬಂದರೆ ದೀಪಶ್ರೀ ಉಸಿರು ಬಿಗಿಹಿಡಿಯಬೇಕು, ಇಬ್ಬರು ಬಂದರೆ ಹೊಲಿಗೆ ಯಂತ್ರ ಬೀದಿಗೆ ಹೋಗಿ ಕಾಯಬೇಕು. ಅವಳು ಎಂಥ ಚುರುಕು ಎಂದರೆ, ಬೆಳಿಗ್ಗೆ ಬಟ್ಟೆ ಕೊಟ್ಟು ಹೊರಟ ಹೆಂಗಸರು ಮನೆ ಸೇರುವಷ್ಟರಲ್ಲಿ ರವಿಕೆ ಅವರಿಗಿಂತ ಮುಂಚೆ ಹೋಗಿ ಜಗಲಿಯಲ್ಲಿ ಕೂತಿರುತ್ತಿತ್ತು. ಆದರೂ ಮೂರು ತಾಲ್ಲೂಕಿನಲ್ಲಿ ಅವಳ ಹೆಸರು ಓಡಾಡಿದ್ದು ಸೂಜಿಯಿಂದಲ್ಲ, ಎರಡು ಹೆಬ್ಬೆರಳುಗಳಿಂದ.

ಫೋನಿನಲ್ಲಿ ಆಡುವ ಕೋಟೆ ಕಾಳಗ ಅದು. ಐದು ಜನ ಈ ಕಡೆ, ಐದು ಜನ ಆ ಕಡೆ. ನಡುವೆ ಮೂರು ದಾರಿ, ದಾರಿಯುದ್ದಕ್ಕೂ ಕಾವಲು ಗೋಪುರಗಳು, ತುದಿಗೊಂದು ಕೋಟೆ. ಎದುರಿನವರ ಕೋಟೆಯನ್ನು ಮೊದಲು ಕೆಡವಿದವರು ಗೆದ್ದರು. ಒಬ್ಬರು ಗುರಾಣಿ ಹಿಡಿದು ಮುಂದೆ ನಿಂತರೆ ಇನ್ನೊಬ್ಬರು ಹಿಂದಿನಿಂದ ಬಾಣ ಬಿಡುತ್ತಾರೆ. ಗಾಯಕ್ಕೆ ಮದ್ದು ಹಾಕಲು ಒಬ್ಬರು, ಕಾಡಿನಲ್ಲಿ ಹೊಂಚು ಹಾಕಲು ಒಬ್ಬರು. ಐದನೆಯ ಆಳಿಗೆ ಫ್ಲೆಕ್ಸ್ ಎನ್ನುತ್ತಾರೆ. ಆ ಆಳಿಗೆ ಗೊತ್ತುಮಾಡಿದ ಕೆಲಸವೆಂಬುದೇ ಇಲ್ಲ. ಎಲ್ಲರೂ ತಮಗೆ ಬೇಕಾದ ವೇಷ ಆರಿಸಿಕೊಂಡ ಮೇಲೆ ಯಾವುದು ಕಡಿಮೆ ಬಿತ್ತೋ ಅದಾಗಬೇಕು. ಆಟ ತಿರುಗಿದರೆ ತಾನೂ ತಿರುಗಬೇಕು. ದೀಪಶ್ರೀ ಅಂಥ ಐದನೆಯ ಆಳು.

ತಂಡದ ಹೆಸರು ಇಕ್ಕೇರಿ ಇಲೆವೆನ್. ಆಡುವವರು ಐದೇ ಜನವಾದರೂ, ಮುರಿದುಬಿದ್ದ ಕ್ರಿಕೆಟ್ ತಂಡವೊಂದರ ಹನ್ನೊಂದು ಅಂಗಿ ಪುಕ್ಕಟೆ ಸಿಕ್ಕಿದ್ದರಿಂದ ಹೆಸರು ಬದಲಿಸುವ ಧೈರ್ಯ ಯಾರಿಗೂ ಬರಲಿಲ್ಲ. ತೀರ್ಥಹಳ್ಳಿಯಲ್ಲಿ ಮೊಬೈಲ್ ರಿಪೇರಿ ಮಾಡುವ ದಿನೇಶ್ ತಂಡದ ನಾಯಕ, ಗುರಾಣಿ ಅವನದು. ಬಾಣ ಸಾಗರದ ಕೃಷ್ಣಪ್ರಸಾದನದು, ಮದ್ದು ಸೌಜನ್ಯಳದು, ಕಾಡು ಉಮೇಶನದು. ಆರನೆಯವನಾಗಿ ದುರ್ಗೇಶ್ ಎಂಬವನು ಬೆಂಚಿನ ಮೇಲಿದ್ದ. ಯಾರಾದರೂ ಸೀನಿದರೂ ಸಾಕು, ಇವರಿಗೆ ಇನ್ನು ಆಡಲಾಗದು ಎಂದು ಹೆಬ್ಬೆರಳು ಒರೆಸಿಕೊಂಡು ಎದ್ದು ನಿಲ್ಲುತ್ತಿದ್ದ.

ದೀಪಶ್ರೀಯ ಕೈಚಳಕದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಆಗುಂಬೆಯ ಮಳೆಯಲ್ಲಿ ಅವಳನ್ನು ನಿಲ್ಲಿಸಿದರೆ ಎರಡು ಹನಿಗಳ ನಡುವೆ ನುಸುಳಿ ಒಣಗಿದ ತಲೆಯಲ್ಲೇ ಆಚೆ ಬರುವಷ್ಟು ಚುರುಕು. ಅವಳ ತೊಂದರೆ ಬೇರೆ, ಅದು ಗದ್ದೆಯಿಂದ ಬಂದದ್ದು.

ಅವಳ ಊರಿನ ಕಡೆ ನೆಟ್ಟಿಯ ಕಾಲಕ್ಕೆ ಮುಯ್ಯಾಳು ಎಂಬ ಪದ್ಧತಿ. ನಮ್ಮ ಗದ್ದೆಗೆ ನೀವು ಕೂಲಿಯಿಲ್ಲದೆ ಬಂದು ಸಸಿ ನೆಟ್ಟರೆ, ನಿಮ್ಮ ಗದ್ದೆಗೆ ನಾವು ಹಾಗೆಯೇ ಬರುತ್ತೇವೆ. ಮುಯ್ಯಿ ತೀರಿಸದವರ ಮನೆಯ ಕಡೆ ಕಾಗೆಯೂ ತಲೆ ಹಾಕುವುದಿಲ್ಲ ಎಂದು ಕೇಳುತ್ತಲೇ ಬೆಳೆದವಳು ದೀಪಶ್ರೀ. ಹಾಗಾಗಿ ಆಟದಲ್ಲಿ ಯಾರಾದರೂ ಅವಳ ಜೀವ ಉಳಿಸಿದರೆ ಮುಗಿಯಿತು. ಇದ್ದ ಜಾಗ ಬಿಟ್ಟು, ಉಳಿಸಿದವರ ಬೆನ್ನು ಹತ್ತಿ, ಅವರನ್ನೂ ಒಮ್ಮೆ ಉಳಿಸುವವರೆಗೆ ಅವಳಿಗೆ ಸಮಾಧಾನವಿಲ್ಲ. ಅವರಿಗೆ ಅಪಾಯ ಬಾರದಿದ್ದರೆ ಬರಲಿ ಎಂದು ಪಕ್ಕದಲ್ಲೇ ಕಾಯುವಳು.

ಸಾಗರದಲ್ಲಿ ನಡೆಯಲಿದ್ದ ಕೋಟೆ ಕಾಳಗದ ಪಂದ್ಯಕ್ಕೆ ಎರಡು ವಾರವಿತ್ತು. ಕಾಲೇಜು ಹುಡುಗರ ಮೇಲಿನ ಅಭ್ಯಾಸದ ಆಟದಲ್ಲಿ ಉಮೇಶ ಅವಳನ್ನು ಸಾಯುವ ಗಳಿಗೆಯಲ್ಲಿ ಎಳೆದು ಉಳಿಸಿದ. ಅವಳು ನಡುದಾರಿಯ ಕಾವಲು ಬಿಟ್ಟು ಅವನ ಹಿಂದೆ ಕಾಡು ಹೊಕ್ಕಳು. ಉಮೇಶ ಹಂದಿ ಬೇಟೆಯಾಡುತ್ತಿದ್ದರೆ ಇವಳು ಅವನ ಸುತ್ತ ಗಸ್ತು ತಿರುಗಿದಳು. ಅಷ್ಟರಲ್ಲಿ ನಡುದಾರಿಯ ಗೋಪುರ ಬಿತ್ತು, ಅದರ ಹಿಂದಿನದೂ ಬಿತ್ತು, ಕೋಟೆ ಬಿದ್ದದ್ದು ಇವರಿಗೆ ಗೊತ್ತಾದದ್ದು ಪರದೆ ಕಪ್ಪಾದಾಗ.

ದಿನೇಶ್ ಗ್ರೂಪ್ ಕಾಲ್‌ನಲ್ಲಿ ಕೇಳಿದ: “ದೀಪಕ್ಕ, ನೀ ಆಟ ಆಡ್ತಿದ್ದೀಯ, ಮುಯ್ಯಿ ತೀರಿಸ್ತಿದ್ದೀಯ?”

“ಅವ್ನು ನನ್ನ ಉಳಿಸಿದ್ನಲ್ಲ ಮಾರಾಯ.”

“ಉಳಿಸಿದ್ದು ಹಿಂದೆ ಓಡಿ ಬಾ ಅಂತ ಅಲ್ಲ. ನೋಡು, ಸಾಗರದಾಗೆ ಮೊದಲ್ನೇ ಆಟ ನಿಂದು. ಅಲ್ಲೂ ಹಿಂಗೇ ಓಡಿದ್ರೆ ಎರಡ್ನೇದಕ್ಕೆ ದುರ್ಗೇಶ್ ಕೂರ್ತಾನೆ. ಬೇಜಾರ್ ಮಾಡ್ಕಬ್ಯಾಡ.”

ಬೇಜಾರೇನು, ದೀಪಶ್ರೀ ಅಂದು ಹೊಲಿದ ರವಿಕೆಗೆ ಮೂರು ತೋಳು ಬಂದವು. ಆ ಐದನೆಯ ಜಾಗ ಯಾರೂ ಅವಳ ಕೈಗೆ ಸುಮ್ಮನೆ ಇಟ್ಟದ್ದಲ್ಲ. ಅವಳೇ ಗಿಟ್ಟಿಸಿದ್ದು. ಅದನ್ನು ಬೆಂಚಿನ ದುರ್ಗೇಶನಿಗೆ ಬಿಟ್ಟುಕೊಡಲು ಅವಳು ಸಿದ್ಧಳಿರಲಿಲ್ಲ.

ಮರುದಿನದಿಂದ ಹಟ ಹಿಡಿದಳು. ಅದುವರೆಗೆ ಆಟದ ನಲವತ್ತೂ ವೇಷಗಳನ್ನು ಅಷ್ಟಿಷ್ಟು ಕಲಿತಿದ್ದವಳು ನಾಲ್ಕನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಬಿಟ್ಟಳು. ಒಂದು ಗುರಾಣಿ, ಒಂದು ಮದ್ದು, ಎದುರಾಳಿಯನ್ನು ಕಟ್ಟಿಹಾಕುವ ಒಂದು ಬಲೆ, ಒಂದು ಬಾಣ. ಬೆಳಗಿನ ಜಾವ ಊರಿನವರ ಫೋನುಗಳು ಏಳುವ ಮುಂಚೆ ಎದ್ದು ರಸ್ತೆಯ ತಿರುವಿನಲ್ಲಿ ನಿಂತು ಆಡಿದಳು. ಹೊತ್ತು ಏರಿದ ಮೇಲೆ ಅಲ್ಲಿ ಸಿಗ್ನಲ್ ಎಷ್ಟು ಸೊರಗುತ್ತಿತ್ತೆಂದರೆ ಇವತ್ತು ಹಲೋ ಎಂದರೆ ‘ಹ’ ಮಾತ್ರ ಹೋಗಿ ‘ಲೋ’ ನಾಳೆ ತಲುಪುತ್ತಿತ್ತು. ಮಧ್ಯಾಹ್ನ ಬುತ್ತಿ ಉಣ್ಣುತ್ತ ತನ್ನ ಹಳೆಯ ಆಟಗಳನ್ನು ನೋಡಿದಳು. ಎಲ್ಲಿ ತಪ್ಪಿದೆ ಎಂಬುದು ಹೊಲಿಗೆ ಬಿಚ್ಚಿದಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ತಲೆ ಒಪ್ಪಿದ್ದನ್ನು ಹೆಬ್ಬೆರಳು ಒಪ್ಪಲಿಲ್ಲ. ಯಾರಾದರೂ ಉಳಿಸಿದ ಕೂಡಲೆ ಅದು ತಾನಾಗಿ ಅವರ ಕಡೆಗೆ ಜಾರುತ್ತಿತ್ತು.

ಪಂದ್ಯಕ್ಕೆ ನಾಲ್ಕು ದಿನವಿದ್ದಾಗ ಅಂಗಡಿಗೆ ಬೀಗ ಹಾಕಿ ನೆಟ್ಟಿಗೆ ಹೋಗಬೇಕಾಯಿತು. ಅವಳ ತಾಯಿ ಕನ್ನಮ್ಮ ನೆಡುವ ಹೆಂಗಸರ ಮುಂದಾಳು. ಆಕೆ ಗದ್ದೆಗೆ ಇಳಿದರೆ ಸಸಿಗಳು ಹೆದರಿ ತಾವೇ ಸಾಲಾಗಿ ನಿಲ್ಲುತ್ತವೆ ಎಂದು ಹೆಸರು. ಹಿಂದಿನ ವಾರ ಇವರ ಗದ್ದೆ ನೆಟ್ಟುಕೊಟ್ಟವಳು ಕೆರಿಯಮ್ಮ, ಆದ್ದರಿಂದ ಇವತ್ತು ಕೆರಿಯಮ್ಮನ ಗದ್ದೆಗೆ ಎಂದು ದೀಪಶ್ರೀ ಹೊರಟರೆ, ಕನ್ನಮ್ಮ ಹೆಂಗಸರನ್ನೆಲ್ಲ ಬೆಳ್ಳಪ್ಪನ ಗದ್ದೆಯ ಕಡೆ ತಿರುಗಿಸಿದಳು. ಆ ಬೆಳ್ಳಪ್ಪನಿಗೂ ಇವರ ಮನೆಗೂ ಯಾವ ಮುಯ್ಯಿಯೂ ಇರಲಿಲ್ಲ.

“ಅಮ್ಮಾ, ಕೆರಿಯತ್ತೆ ಮುಯ್ಯಿ?”

“ಮುಯ್ಯಿ ಎಲ್ಲಿಗೆ ಓಡಿ ಹೋತದೆ? ಬೆಳ್ಳಪ್ಪನ ಸಸಿ ಬಲಿತು ನಿಂತದೆ, ಗದ್ದೆ ಅಂಚು ಕಿತ್ತು ನೀರು ಇಳೀತಾ ಅದೆ. ಇವತ್ತು ಬಿಟ್ರೆ ಅದು ದನಕ್ಕೆ ಸೈ. ಯಾರು ಬಂದಿದ್ರು ಅಂತ ನೋಡ್ಬ್ಯಾಡ, ಯಾವ ಗದ್ದೆ ಕಾಯಕಿಲ್ಲ ಅಂತ ನೋಡು.”

ಹೋಗಿ ನೋಡಿದರೆ ಕೆರಿಯಮ್ಮ ಆಗಲೇ ಬೆಳ್ಳಪ್ಪನ ಕೆಸರಿನಲ್ಲಿ ಮಂಡಿಯವರೆಗೆ ಇಳಿದು ಇವರಿಗೆ ತಡವಾಯಿತೆಂದು ಬೈಯುತ್ತಿದ್ದಳು. ತನ್ನ ಮುಯ್ಯಿಯ ಮಾತು ಅವಳ ಬಾಯಿಗೆ ಬರಲೇ ಇಲ್ಲ. ದೀಪಶ್ರೀ ಕೈಯಲ್ಲಿ ಸಸಿ ಹಿಡಿದು ಎಷ್ಟು ಹೊತ್ತು ಹಾಗೇ ನಿಂತಳೆಂದರೆ, ಇನ್ನು ಸ್ವಲ್ಪ ನಿಂತಿದ್ದರೆ ಕಾಲಿಗೆ ಬೇರು ಬರುತ್ತಿತ್ತು. ಇಪ್ಪತ್ತಾರು ವರ್ಷ ಮುಯ್ಯಿಯ ಅರ್ಧವನ್ನು ಮಾತ್ರ ಕಲಿತಿದ್ದೆನಲ್ಲ ಎಂದು ಅವಳಿಗೆ ನಗು ಬಂತು.

ಭಾನುವಾರ ಸಾಗರದ ಕಲ್ಯಾಣ ಮಂಟಪದಲ್ಲಿ ಹದಿನಾರು ತಂಡ ಸೇರಿದ್ದವು. ಜನ ಎಷ್ಟು ಕಿಕ್ಕಿರಿದಿದ್ದರೆಂದರೆ ಒಬ್ಬರು ಆಕಳಿಸಿದರೆ ಪಕ್ಕದವರ ಬಾಯಿ ತೆರೆದುಕೊಳ್ಳುತ್ತಿತ್ತು. ಎದುರಿಗೆ ಶಿವಮೊಗ್ಗದ ಕಪ್ಪು ಅಂಗಿಯ ತಂಡ, ಮೂರು ಆಟಗಳಲ್ಲಿ ಎರಡು ಗೆದ್ದವರು ಮುಂದಿನ ಸುತ್ತಿಗೆ. ಅವರ ಕಿವಿಯ ಮೇಲಿದ್ದ ಹೆಡ್‌ಫೋನು ಕಳಚಿ ಅಂಗಾತ ಇಟ್ಟರೆ ಎರಡು ಸೇರು ಅಕ್ಕಿ ಅಳೆಯಬಹುದಿತ್ತು. ದುರ್ಗೇಶ್ ಬೆಂಚಿನ ತುದಿಗೆ ಬಂದು ಕೂತು ಬೆರಳು ನೆಟಿಕೆ ತೆಗೆಯುತ್ತಿದ್ದ.

ಎಲ್ಲರೂ ಆರಿಸಿದ ಮೇಲೆ ದೀಪಶ್ರೀ ಎದುರಿನವರ ವೇಷ ನೋಡಿದಳು. ಐವರಲ್ಲಿ ಮೂವರು ಹಾರಿ ಬಂದು ಹೊಡೆಯುವವರು. ದಿನೇಶನ ಒಂದು ಗುರಾಣಿ ಸಾಲದೆಂದು ತಾನೂ ಗುರಾಣಿ ಹಿಡಿದಳು. ಆಟ ಸೀಗೆ ಮೆಳೆಯೊಳಗೆ ಎರಡು ಕಾಡುಕೋಣ ಸಿಕ್ಕಿಕೊಂಡಂತೆ ಬಿಗಿಯಿತು. ಆರನೆಯ ನಿಮಿಷಕ್ಕೆ ಅವಳು ಸಾಯುವುದರಲ್ಲಿದ್ದಾಗ ಕೃಷ್ಣಪ್ರಸಾದನ ಬಾಣ ಬಂದು ಉಳಿಸಿತು. ಹನ್ನೊಂದನೆಯ ನಿಮಿಷಕ್ಕೆ ಇನ್ನೊಮ್ಮೆ. ದಿನೇಶ್ ಸಂಶಯದಿಂದ ಅವಳ ಹೆಬ್ಬೆರಳನ್ನೇ ನೋಡಿದ. ಅದು ಒಂದು ನೂಲಿನಷ್ಟು ಜಾರಿತು, ಆದರೆ ನಿಂತಿತು.

ಇಪ್ಪತ್ತನೆಯ ನಿಮಿಷಕ್ಕೆ ದಿನೇಶ್ ಸತ್ತ. ಮತ್ತೆ ಹುಟ್ಟಿ ಬರಲು ಅರ್ಧ ನಿಮಿಷ ಬೇಕು. ಅದೇ ಹೊತ್ತಿಗೆ ಉಮೇಶ ಎದುರಿನವರಲ್ಲಿ ಒಬ್ಬನನ್ನು ಕೆಡವಿದ. ಕೆಳದಾರಿಯಲ್ಲಿ ಕೃಷ್ಣಪ್ರಸಾದ್ ಒಬ್ಬನೇ ಸಿಕ್ಕಿಬಿದ್ದು, ದೀಪಕ್ಕ ಕೆಳಗೆ ಬಾ, ಬೇಗ ಬಾ ಎಂದು ಕೂಗತೊಡಗಿದ. ಎರಡು ಸಲ ಉಳಿಸಿದವನ ಕೂಗು. ದೀಪಶ್ರೀಯ ಮೈಯಲ್ಲಿದ್ದ ಇಪ್ಪತ್ತಾರು ನೆಟ್ಟಿಗಾಲ ಒಟ್ಟಿಗೆ ಎದ್ದು ಅವಳ ಹೆಬ್ಬೆರಳನ್ನು ಕೆಳದಾರಿಗೆ ಎಳೆಯಿತು.

“ಎಷ್ಟು ಜನ ಅದಾರೆ ಅಲ್ಲಿ?” ಎಂದಳು.

“ನಾಕೂ ಜನ ಇದ್ದ!”

ನಾಲ್ಕು ಅಲ್ಲಿ, ಸತ್ತವನು ಒಬ್ಬ. ಹಾಗಾದರೆ ಕೋಟೆಯಲ್ಲಿ ಯಾರೂ ಇಲ್ಲ. ಆ ಗದ್ದೆ ಇನ್ನು ಇಪ್ಪತ್ತು ಸೆಕೆಂಡು ಕಾಯುತ್ತದೆ, ಇಪ್ಪತ್ತೊಂದನೆಯದಕ್ಕೆ ಇಲ್ಲ.

“ಉಮೇಶ, ಸೌಜನ್ಯ, ನಡುದಾರಿಗೆ ಬನ್ನಿ. ಕೃಷ್ಣಪ್ರಸಾದ, ಸಾಯೋದಾದ್ರೆ ಸ್ವಲ್ಪ ನಿಧಾನಕ್ಕೆ ಸಾಯಿ.”

ಕೃಷ್ಣಪ್ರಸಾದ್ ಸತ್ತ ರೀತಿಯನ್ನು ಸಾಗರದವರು ಇಂದಿಗೂ ಹೇಳಿಕೊಳ್ಳುತ್ತಾರೆ. ಗೋಪುರಕ್ಕೆ ಸುತ್ತು ಬಂದ, ಪೊದೆ ಹೊಕ್ಕ, ಹೊರಬಂದ, ನಾಲ್ವರನ್ನೂ ಹಿಂದೆ ಕಟ್ಟಿಕೊಂಡು ಮದುವೆ ದಿಬ್ಬಣದಂತೆ ನಡೆಸಿದ. ಇತ್ತ ದೀಪಶ್ರೀ ಕೊನೆಯ ಗೋಪುರದ ಬೆಂಕಿಯನ್ನೆಲ್ಲ ತನ್ನ ಗುರಾಣಿಯ ಮೇಲೆ ಹೊತ್ತಳು. ಸೌಜನ್ಯ ಮದ್ದು ಸುರಿದಳು, ಉಮೇಶ ಬಡಿದ. ಗೋಪುರ ಬಿತ್ತು. ಕಪ್ಪು ಅಂಗಿಯವರು ಮೋಸ ಅರಿತು ಹಿಂದಕ್ಕೆ ಓಡಿ ಬರುವಾಗ ದೀಪಶ್ರೀಯ ಜೀವ ಸೊಳ್ಳೆಯ ಮೀಸೆಯಷ್ಟು ಉಳಿದಿತ್ತು, ಅವರ ಕೋಟೆಯದು ಅದಕ್ಕಿಂತ ಒಂದು ಕೂದಲು ಕಡಿಮೆ. ಕೋಟೆ ಮೊದಲು ಬಿತ್ತು.

ಮಂಟಪದಲ್ಲಿ ಎದ್ದ ಕೂಗಿಗೆ ಕೆಳದಿಯಲ್ಲಿ ಕಟ್ಟಿದ ದನ ಹಗ್ಗ ಹರಿದವಂತೆ. ದಿನೇಶ್ ಅವಳ ಬೆನ್ನಿಗೆ ಗುದ್ದಿ, ಬೆಂಚಿನ ಕಡೆ ತಿರುಗಿ, ದುರ್ಗೇಶನಿಗೆ ಹೆಬ್ಬೆರಳು ಜೇಬಿನಲ್ಲಿಟ್ಟುಕೊಳ್ಳಲು ಹೇಳಿದ. ಕೃಷ್ಣಪ್ರಸಾದ್ ಮಾತ್ರ ಮುಖ ಊದಿಸಿಕೊಂಡಿದ್ದ.

“ಎರಡು ಸಲ ಉಳಿಸಿದ್ದೆ ನಿನ್ನ. ನಾ ಸಾಯಕಾರೆ ಒಂದು ಸಲ ತಿರುಗಿ ನೋಡಲ್ಯಲೆ ನೀನು.”

ದೀಪಶ್ರೀಗೆ ಚುರುಕ್ಕೆಂದಿತು. ಮುಯ್ಯಿ ತೀರಿಸದೆ ಉಳಿದದ್ದು ಜೀವಮಾನದಲ್ಲಿ ಅದೇ ಮೊದಲು. “ನೋಡಿದ್ರೆ ಬರ್ತಿದ್ದೆ ಮಾರಾಯ,” ಎಂದಳು. “ಅದಕ್ಕೇ ನೋಡ್ಲಿಲ್ಲ.”

ಎರಡನೆಯ ಆಟಕ್ಕೆ ಆರಿಸುವ ಗಡಿಯಾರ ಓಡತೊಡಗಿತು. ಯಾವಾಗಲೂ ಎಲ್ಲರಿಗಿಂತ ಮೊದಲು ಬಾಣ ಬಾಚಿಕೊಳ್ಳುತ್ತಿದ್ದ ಕೃಷ್ಣಪ್ರಸಾದ್ ಪರದೆಯ ಮೇಲೆ ಬೆರಳು ಹಿಡಿದು ಕಾದ. “ಈಗ ಎಂತ ಬೇಕು ಹೇಳು ನೀನು. ಅದಕ್ಕೆ ಸರಿಯಾಗಿ ನಾ ತಗತ್ತಿ.”

ದೀಪಶ್ರೀ ಎದುರಿನವರ ಐದು ಮುಖಗಳನ್ನು ಎಡದಿಂದ ಬಲಕ್ಕೆ ಓದಿದಳು, ಬಲದಿಂದ ಎಡಕ್ಕೆ ಓದಿದಳು.

“ಬಾಣ ನಂಗೆ ಬಿಡು,” ಎಂದಳು. “ಈ ಸಲ ನೀ ಗುರಾಣಿ ಹಿಡ್ದು ಮುಂದೆ ನಿಲ್ಲು.”

ಕೃಷ್ಣಪ್ರಸಾದನ ಹುಬ್ಬು ಹಣೆ ದಾಟಿ ಬೈತಲೆಯವರೆಗೆ ಹೋಯಿತು. ಆಟ ಕಲಿತಂದಿನಿಂದ ಅವನು ಯಾರ ಮುಂದೆಯೂ ನಿಂತವನಲ್ಲ. ಗಡಿಯಾರದಲ್ಲಿ ಮೂರು ಸೆಕೆಂಡು ಉಳಿದಾಗ ದೀಪಶ್ರೀಯ ಮುಖವನ್ನೊಮ್ಮೆ ನೋಡಿ, ಎರಡು ಉಳಿದಾಗ ಗುರಾಣಿ ಒತ್ತಿದ.